ಮೇಲಿನವರು ಕೆಳಗಿನವರೊಂದಿಗೆ ಬೆರೆಯದಿರುವ ಕುರಿತು ತಿದ್ದುಪಡಿ

ಸಂಖ್ಯೆ: ಪ್ರಅ/ಬೆರಕೆ/ತಿ-೨

ವಿಷಯ: ದೊಡ್ಡ ಪಾತ್ರೆಯಲ್ಲಿ ಬೆರೆಯುವಿಕೆಯ ದೋಷವನ್ನು ಪತ್ತೆಹಚ್ಚುವುದು ಹಾಗೂ ಹಿಂದಿನ ಸುತ್ತೋಲೆಯಂತೆ ಪರಸ್ಪರರ ಹೆಗಲ ಮೇಲೆ ಇಟ್ಟಿರುವ ಕೈಗಳನ್ನು ಹಿಂತೆಗೆದುಕೊಳ್ಳುವುದು.

ಉಲ್ಲೇಖ: ರಸಾಯನಜ್ಞೆಯ ಒಂದು ಸಾಲಿನ ಮನವಿ: "ಮೇಲಿನವರು ಕೆಳಗಿನವರ ಜೊತೆ ಬೆರೀತಿಲ್ಲ, ಬೇಗ ಏನಾದ್ರೂ ಮಾಡಿ."

ಸದರಿ ರಸಾಯನಜ್ಞೆಯು ಕೆಮ್ಮಿನ ಔಷಧಿಯೊಂದನ್ನು ಗಾಜಿನ ಕುಪ್ಪಿಯಲ್ಲಿ ತಿಳಿಯಾಗಿ ತಯಾರಿಸಿದ್ದು, ಅದೇ ಔಷಧಿಯು ಆಳೆತ್ತರದ ಪಾತ್ರೆಯಲ್ಲಿ ಗಸಿಗಟ್ಟಿರುತ್ತದೆ. ಇನ್ನೊಮ್ಮೆ ಕೆಟ್ಟಲ್ಲಿ ಆಕೆಯ ವಿಧಾನವನ್ನು ಕೈಬಿಟ್ಟು ಶಾಖೆಯನ್ನು ಮುಚ್ಚಲು ಆದೇಶವಾಗಿರುತ್ತದೆ. ಆಕೆಗೆ ಊಟ ಸೇರದಿರುವುದು ಈ ಕಚೇರಿಯ ಗಮನಕ್ಕೆ ಬಂದಿದೆ. ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಔಷಧಿಯ ಪಾತ್ರೆಯಲ್ಲಿ ತೇಲುವ ಎಣ್ಣೆಯನ್ನು 'ಮೇಲಿನವರು' ಎಂದೂ ತಳದ ನೀರನ್ನು 'ಕೆಳಗಿನವರು' ಎಂದೂ ಕರೆಯುವುದು ಪ್ರಯೋಗಾಲಯದ ರೂಢಿ. ಇದನ್ನರಿಯದ ಅಧೀಕ್ಷಕರು ಹಿಂದಿನ ಸುತ್ತೋಲೆಯಲ್ಲಿ, ಅಧಿಕಾರಿಗಳೆಲ್ಲರೂ ಕೆಳದರ್ಜೆಯ ನೌಕರರ ಹೆಗಲ ಮೇಲೆ ಕೈಯಿಟ್ಟು ಕಡ್ಡಾಯವಾಗಿ ಬೆರೆಯತಕ್ಕದ್ದೆಂದು ಆದೇಶಿಸಿರುತ್ತಾರೆ. ರಸಾಯನಜ್ಞೆಯು ಓಡೋಡಿ ಬಂದು, "ಸಾರ್, ನಾನು ಹೇಳಿದ್ದು ಪಾತ್ರೆ ಒಳಗಿನವರ ವಿಷಯ" ಎಂದು ವಿವರಣೆ ಸಲ್ಲಿಸಿದ್ದಾಳೆ. "ಮೊದ್ಲೇ ಹೇಳ್ಬಾರ್ದಾ ತಾಯಿ, ನಾನು ಇವನ ಡಬ್ಬಿ ಊಟ ಅರ್ಧ ಖಾಲಿ ಮಾಡಿಬಿಟ್ನಲ್ಲ" ಎಂದು ಅಧೀಕ್ಷಕರು ಕಾವಲುಗಾರನ ಹೆಗಲಿನಿಂದ ಕೈ ತೆಗೆಯದೆಯೇ ಉತ್ತರಿಸಿದ್ದಾರೆ. ಉಳಿದರ್ಧವನ್ನು ಕಾವಲುಗಾರನಿಗೆ ಮಂಜೂರು ಮಾಡಲಾಗಿದೆ.

೨. ಕಲಕುವ ವೇಗವನ್ನು ಬದಲಿಸಿ ನೋಡತಕ್ಕದ್ದು. ವೇಗ ಬದಲಾದಂತೆ ಔಷಧಿಯ ಗುಣವೂ ಬದಲಾದಲ್ಲಿ ಅನುಮಾನ ಬೆರೆಯುವಿಕೆಯ ಮೇಲೆ. ಬದಲಾಗದಿದ್ದಲ್ಲಿ ದೋಷವನ್ನು ಬೇರೆಡೆ ಹುಡುಕುವುದು. ಈ ಪರೀಕ್ಷೆಯನ್ನು ಗುಮಾಸ್ತರ ಮೇಲೆ ನಡೆಸಿದಾಗ ಯಾವ ವೇಗದಲ್ಲಿಯೂ ಯಾವ ಬದಲಾವಣೆಯೂ ಕಂಡುಬಂದಿಲ್ಲ.

೩. ದ್ರವವನ್ನು ಪಾತ್ರೆಯೊಳಗೆ ಕಲಕುವ ರೆಕ್ಕೆ ತಿರುಗುವೆಡೆ ಒಮ್ಮೆ, ಗೋಡೆಯ ಪಕ್ಕ ಒಮ್ಮೆ ಸುರಿದು ಹೋಲಿಸತಕ್ಕದ್ದು. ಎಂಜಿನಿಯರರು ಅಂಗಿಗೆ ಸಿಡಿದೀತೆಂದು ಇದುವರೆಗೆ ಗೋಡೆಯ ಪಕ್ಕದಲ್ಲೇ ಸುರಿಯುತ್ತ ಬಂದಿರುತ್ತಾರೆ. ಇನ್ನು ಮುಂದೆ ಹೊಸ ಅಂಗಿ ತೊಟ್ಟವರು ಸುರಿಯತಕ್ಕದ್ದಲ್ಲ. ಅಂಗಿ ಹಳತೆಂಬುದಕ್ಕೆ ಪತ್ನಿಯ ದೃಢೀಕರಣ ಸಾಕು, ಅತ್ತೆಯದನ್ನು ಪರಿಗಣಿಸಲಾಗುವುದಿಲ್ಲ.

೪. ಮಾದರಿಯನ್ನು ಕೈಗೆಟಕುವ ಮೇಲ್ಭಾಗದಿಂದ ಮಾತ್ರ ತೆಗೆಯುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಕೆಳಗಿನವರ ಅಭಿಪ್ರಾಯವನ್ನೂ ಪಡೆಯತಕ್ಕದ್ದು. ಹಾಗೆ ಪಡೆಯಲಾಗಿ, ಮೇಲೆ ಕಲಕುವ ಕೆಲಸ ಆರಂಭವಾಗಿರುವ ಸುದ್ದಿಯೇ ತಳಕ್ಕೆ ತಲುಪಿಲ್ಲವೆಂದು ತಿಳಿದುಬಂದಿದೆ. ರೆಕ್ಕೆಯ ಸಲಾಕೆ ತಳದ ನೀರಿಗೆ ಎಟಕದೆ ಮೊಳದಷ್ಟು ಗಿಡ್ಡ. ಅದು ಎಣ್ಣೆಯನ್ನು ಎಣ್ಣೆಯೊಂದಿಗೇ ಬಹು ಶ್ರದ್ಧೆಯಿಂದ ಬೆರೆಸುತ್ತಿತ್ತು.

೫. ಉದ್ದ ಸಲಾಕೆಯನ್ನು ಇಂದು ಬೆಳಿಗ್ಗೆ ಜೋಡಿಸಲಾಯಿತು. ಔಷಧಿ ತಿಳಿಯಾಗಿ ಬಂದಿತು. ಕೆಮ್ಮಿಲ್ಲದವರಿಗೆ ಔಷಧಿ ನೀಡಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಅಧೀಕ್ಷಕರು ಮೊದಲು ಕೆಮ್ಮಿದರು, ನಂತರ ಚಮಚದಲ್ಲಿ ಸೇವಿಸಿದರು, ತದನಂತರ ಕೆಮ್ಮುವುದನ್ನು ಸ್ವಇಚ್ಛೆಯಿಂದ ನಿಲ್ಲಿಸಿದರು. ರಸಾಯನಜ್ಞೆಯು ನಗತೊಡಗಿ, ನಿಲ್ಲಿಸಲಾರದೆ ಗೋಡೆಗೆ ಒರಗಿದಳು. ನಗು ಎಂಜಿನಿಯರರಿಗೆ, ಅವರಿಂದ ಗುಮಾಸ್ತರಿಗೆ ಹರಡಿದ್ದು, ಮೇಲೆ, ನಡುವೆ ಮತ್ತು ಕೆಳಗೆ ತೆಗೆದ ಮಾದರಿಗಳಲ್ಲಿ ಒಂದೇ ಸಮನಾಗಿ ಕಂಡುಬಂದಿದೆ.

೬. ಆಕೆ ಇಂದು ಹೊಟ್ಟೆತುಂಬ ಊಟ ಮಾಡತಕ್ಕದ್ದು. ದೇವರ ದಯೆಯಿಂದ ಈ ಖಂಡಿಕೆಗೆ ತಿದ್ದುಪಡಿಯ ಅಗತ್ಯವಿಲ್ಲ.

(ಸಹಿ ಇದೆ)
ಅಧೀಕ್ಷಕರು
(ಕೆಮ್ಮು: ಇಲ್ಲ)

ಪ್ರತಿಗಳು:
ಮೇಲಿನವರಿಗೆ, ಮಾಹಿತಿಗಾಗಿ.
ಕೆಳಗಿನವರಿಗೆ, ಅಗತ್ಯ ಕ್ರಮಕ್ಕಾಗಿ. (ಬೆರೆತ ನಂತರ ಇಬ್ಬರಿಗೂ ಒಂದೇ ಪ್ರತಿ ಸಾಕು.)
ಎಂಜಿನಿಯರರ ಅತ್ತೆಯವರಿಗೆ, ಕ್ಷಮೆಯೊಂದಿಗೆ.
ಶಾಖೆ ಮುಚ್ಚಲು ನೇಮಕವಾದ ಅಧಿಕಾರಿಗೆ: ಆದೇಶವನ್ನು ಹಿಂಪಡೆಯಲಾಗಿದೆ. ಬಂದಿದ್ದಕ್ಕೆ ಪಾತ್ರೆಯ ಮುಚ್ಚಳವನ್ನಾದರೂ ಮುಚ್ಚಿ ಹೋಗುವುದು.