ಭಾನುವಾರದ ರಜೆಯ ವಿಲೇವಾರಿ

ನಮ್ಮ ತೂಕ ಮತ್ತು ಅಳತೆ ತಪಾಸಣಾ ಕಚೇರಿ ಸ್ಥಾಪನೆಯಾಗಿ ಅರವತ್ತೊಂದು ವರ್ಷಗಳಾಗಿದ್ದು, ಈ ಅವಧಿಯಲ್ಲಿ ಟಪಾಲು ಪುಸ್ತಕದಲ್ಲಿ ಒಮ್ಮೆ ದಾಖಲಾದ ಯಾವ ಅರ್ಜಿಯೂ ವಿಲೇವಾರಿಯಾಗದೆ ಹಿಂದಿರುಗಿರುವುದಿಲ್ಲ. ಅರ್ಜಿದಾರರು ಹಿಂದಿರುಗಿದ್ದಾರೆ, ಕೆಲವರು ತೀರಿಕೊಂಡೂ ಇದ್ದಾರೆ. ಅರ್ಜಿ ಮಾತ್ರ ಇಲ್ಲ. ಸಂಗೀತೋತ್ಸವದ ವಿಷಯದಲ್ಲಿ ನಾವು ಏಳು ಜನ ಪೆದ್ದುತನ ಮಾಡಿದೆವು ಅಂತ ಊರಲ್ಲಿ ಯಾರ್ಯಾರೋ ಹಲ್ಲು ಕಿಸಿಯುತ್ತಿದ್ದಾರಂತೆ. ಕಿಸಿಯಲಿ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ಮುಖ್ಯ ಗುಮಾಸ್ತನಾದವನು ನಾನು, ಅಂಥವರ ಮಾತಿಗೆಲ್ಲ ಸೊಪ್ಪು ಹಾಕುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಅಂಗಡಿಯವರು ತರುವ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನಮ್ಮ ಕೆಲಸ. ಎರಡು ಕೋಣೆ, ಒಂದು ಬೀರು ತುಂಬ ತೂಕದ ಹಿತ್ತಾಳೆ ಬಟ್ಟುಗಳು, ತಿರುಗಿದರೆ ಕಿರುಗುಟ್ಟುವ ಒಂದು ಫ್ಯಾನು. ಈ ಕಚೇರಿಯಲ್ಲಿ ಒಬ್ಬ ದೊಡ್ಡ ಗಾಯಕಿಯ ಅಭಿಮಾನಿ ಬಳಗವೊಂದಿದೆ. ಸದಸ್ಯರು, ನಮ್ಮ ಮೇಲಧಿಕಾರಿ ಸಾಹೇಬರನ್ನು ಬಿಟ್ಟು ನಾವು ಏಳೂ ಜನ. ಕಾರ್ಯದರ್ಶಿ ನಾನು. ಬಳಗದ ಜೀವ ಮಾತ್ರ ಟಪಾಲಕ್ಕ.

ಟಪಾಲಕ್ಕ ಅಂದರೆ ನಮ್ಮ ಟಪಾಲು ನೋಡಿಕೊಳ್ಳುವ ಹೆಂಗಸು. ಬರುವ ಕಾಗದಕ್ಕೆ, ಹೋಗುವ ಕಾಗದಕ್ಕೆ ನಂಬರು ಹಾಕುವುದು ಅವರ ಕೆಲಸ. ನಿವೃತ್ತಿಗೆ ಹದಿಮೂರು ತಿಂಗಳು ಬಾಕಿ. ಇಪ್ಪತ್ತೆರಡು ವರ್ಷದಿಂದ ಆ ಗಾಯಕಿಯನ್ನು ರೇಡಿಯೋದಲ್ಲಿ ಕೇಳಿದ್ದಾರೆ, ಫೋನಿನಲ್ಲಿ ಕೇಳಿದ್ದಾರೆ, ಎದುರಿಗೆ ಕೂತು ಒಂದು ಸಲವೂ ಕೇಳಿಲ್ಲ. ಗಾಯಕಿ ನಮ್ಮ ಊರಿಗೆ ಮೂರು ಸಲ ಬಂದಿದ್ದರು. ಮೂರು ಸಲವೂ ಅದೇ ದಿನ ಕಚೇರಿಯಲ್ಲಿ ವಾರ್ಷಿಕ ತಪಾಸಣೆ ಇತ್ತು.

ಹೀಗಿರಲಾಗಿ, ಅರವತ್ತು ಕಿಲೋಮೀಟರ್ ದೂರದ ಕೆರೆಯ ಪಕ್ಕದ ಬಯಲಿನಲ್ಲಿ ಪ್ರಪ್ರಥಮ ಬಾರಿಗೆ ಬೇಸಿಗೆ ಸಂಗೀತೋತ್ಸವ ನಡೆಯುವುದೆಂದೂ, ಇಪ್ಪತ್ತಾರನೇ ತಾರೀಕು ಸಂಜೆ ನಾಲ್ಕಕ್ಕೆ ನಮ್ಮ ಗಾಯಕಿ ಹಾಡುವರೆಂದೂ, ಅದೇ ಅವರ ಕೊನೆಯ ವೇದಿಕೆಯೆಂದೂ ಪ್ರಕಟಣೆ ಬಂತು.

"ಆಕಾಶ ಭೂಮಿ ಒಂದಾದ್ರೂ ಈ ಸಲ ಹೋಗೋಳೇ ಸಾರ್," ಅಂದರು ಟಪಾಲಕ್ಕ. "ಇದು ತಪ್ಪಿದ್ರೆ ಮತ್ತೆ ಎಲ್ಲಿಂದ ತರೋದು ಅವರನ್ನ?"

ಬಳಗ ಕೂಡಲೇ ಕಾರ್ಯಪ್ರವೃತ್ತವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಐದು ಸಭೆಗಳು ನಡೆದವು. ಏಳು ಟಿಕೆಟ್ ಬಂದವು, ಒಂದು ವ್ಯಾನು ಗೊತ್ತಾಯಿತು. ಬಿಸಿಲಿಗೆ ಟೋಪಿ ಆರಿಸಲು ಒಂದು ಉಪಸಮಿತಿ, ಮೈದಾನದ ಯಾವ ಬದಿಗೆ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆಂದು ತಿಳಿಯಲು ಇನ್ನೊಂದು. ಒಬ್ಬೊಬ್ಬರ ಚೀಲವೂ ನಾಲ್ಕು ಕಿಲೋ ಮೀರಬಾರದೆಂದು ನಿರ್ಣಯವಾಗಿ, ಚೀಲಗಳನ್ನೆಲ್ಲ ಕಚೇರಿಯ ತಕ್ಕಡಿಯಲ್ಲೇ ತೂಗಿದೆವು. ಮುದ್ರೆ ಒತ್ತುವ ಮುದ್ರೆಯಣ್ಣನ ಚೀಲ ನಲವತ್ತು ಗ್ರಾಂ ಹೆಚ್ಚು ಬಂತು. ಬಾಚಣಿಗೆ ತೆಗೆಸಿದೆವು.

"ಗಾಳಿಗೆ ಕೂದಲು ಕೆದರುತ್ತಲ್ಲ ಸಾರ್?" ಅಂದ.

"ಟೋಪಿ ಇದೆಯಲ್ಲಪ್ಪ," ಅಂದೆ. ಒಪ್ಪಿಕೊಂಡ.

ಕೊನೆಯ ಸಭೆಯ ಒಂಬತ್ತನೇ ವಿಷಯ ರಜೆ. ಎಲ್ಲರೂ ಲಿಖಿತವಾಗಿ ರಜೆ ಕೇಳಿಯೇ ಹೋಗತಕ್ಕದ್ದು ಎಂದು ಸೂಚಿಸಿದವನು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಏಳೂ ಅರ್ಜಿಗಳನ್ನು ಟಪಾಲಕ್ಕ ಪುಸ್ತಕದಲ್ಲಿ ಹತ್ತಿಸಿದರು. ನಾನೂರ ಹನ್ನೊಂದರಿಂದ ನಾನೂರ ಹದಿನೇಳು. ಮೊದಲ ನಂಬರು ತಮ್ಮದಕ್ಕೇ ಹಾಕಿಕೊಂಡು ಮುಖ ಊರಗಲ ಮಾಡಿಕೊಂಡಿದ್ದರು.

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಕ್ಯಾಲೆಂಡರ್ ಮುಂದೆ ನಿಂತು, "ಅಲ್ರೀ, ಇಪ್ಪತ್ತಾರು ಭಾನುವಾರ ಅಲ್ವಾ? ಭಾನುವಾರಕ್ಕೆ ಯಾರಾದ್ರೂ ರಜೆ ಕೇಳ್ತಾರಾ?" ಅಂದಳು.

"ಕಚೇರಿ ವಿಷಯ ನಿನಗೆ ಅರ್ಥ ಆಗಲ್ಲ, ಸುಮ್ನಿರು," ಅಂದೆ. ಅವಳು ಅಡುಗೆಮನೆಗೆ ಹೋದ ಮೇಲೆ ಎದ್ದು ನೋಡಿದೆ. ಭಾನುವಾರವೇ. ಅದನ್ನು ಅವಳಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಮರುದಿನ ವಿಷಯ ತಿಳಿಸಿದಾಗ ಟಪಾಲಕ್ಕ ಚಪ್ಪಾಳೆ ತಟ್ಟಿದರು. "ಒಳ್ಳೇದೇ ಆಯ್ತಲ್ಲ ಸಾರ್! ಅರ್ಜಿ ಹರಿದು ಬಿಸಾಕಿ, ಹಾಯಾಗಿ ಹೋಗಿ ಬರೋಣ."

"ನಂಬರು ಬಿದ್ದುಬಿಟ್ಟಿದೆಯಲ್ಲಮ್ಮ."

"ಹಾಕಿದೋಳು ನಾನೇ ಅಲ್ವಾ ಸಾರ್?"

"ಅದಕ್ಕೇ ಹೇಳ್ತಿರೋದು. ನಂಬರಿನ ಬೆಲೆ ನಿಮಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ?"

ಕಡತ ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಸಂಗೀತ ಅಂದರೆ ಮಾರು ದೂರ ಓಡುವವರು. ಆದರೆ ನಿಯಮದ ವಿಷಯದಲ್ಲಿ ಅಪರಂಜಿ. ಅವರೂ ತಲೆ ಕೆರೆದುಕೊಂಡು ಕೇಂದ್ರ ಕಚೇರಿಗೆ ಬರೆದರು. ಎಂಟೇ ದಿನದಲ್ಲಿ ಆದೇಶ ಬಂತು. ಅದರ ಒಕ್ಕಣೆ ಹೀಗಿದೆ:

"ರಜಾ ದಿನದಂದು ರಜೆ ಮಂಜೂರು ಮಾಡಲು ಅವಕಾಶವಿರುವುದಿಲ್ಲ. ದಾಖಲಾದ ಅರ್ಜಿಯನ್ನು ವಿಲೇವಾರಿ ಮಾಡದಿರಲೂ ಅವಕಾಶವಿರುವುದಿಲ್ಲ. ಆದಕಾರಣ ಅರ್ಜಿದಾರರ ಅನುಕೂಲಕ್ಕಾಗಿ, ಸದರಿ ಭಾನುವಾರವನ್ನು ಸದರಿ ಕಚೇರಿಗೆ ಕೆಲಸದ ದಿನವೆಂದು ಘೋಷಿಸಲಾಗಿದೆ. ಅರ್ಜಿದಾರರು ಇನ್ನು ನಿಯಮಾನುಸಾರ ರಜೆ ಪಡೆಯಬಹುದು."

ನಮ್ಮ ಸಂತೋಷಕ್ಕೆ ಪಾರವಿಲ್ಲ. ಏಳು ಜನರ ಹಾಡಿನ ಆಸೆಗಾಗಿ ಒಂದು ಭಾನುವಾರವನ್ನೇ ಎತ್ತಿ ಕೊಟ್ಟ ಸರ್ಕಾರ ಇನ್ನೆಲ್ಲಿದೆ? ಎಲ್ಲರೂ ಚಹಾ ಕುಡಿದೆವು. ಲೋಟ ಕೆಳಗಿಡುವಾಗ ನನಗೆ ಹದಿನಾಲ್ಕನೇ ನಿಯಮ ನೆನಪಾಯಿತು. ಕೆಲಸದ ದಿನದಂದು ಏಳು ಜನರಿಗೆ ಒಬ್ಬರಂತೆ ಮಾತ್ರ ರಜೆ ಕೊಡಬಹುದು.

ಅಂದರೆ ಒಬ್ಬರು ಹೋಗಬಹುದು.

ಮೊದಲು ಬಾಯಿ ತೆರೆದವನು ಮುದ್ರೆಯಣ್ಣ. "ಅಕ್ಕ ಹೋಗ್ಲಿ ಸಾರ್. ನಮಗೇನು, ಇನ್ನೂ ವಯಸ್ಸಿದೆ." ನಮಗೆ ವಯಸ್ಸಿದ್ದರೂ ಗಾಯಕಿ ಮತ್ತೆ ಹಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಒಮ್ಮತದ ನಿರ್ಣಯವಾಯಿತು. ಟಪಾಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವೆಲ್ಲ ನನ್ನ ಒಡಹುಟ್ಟಿದೋರಿಗಿಂತ ಹೆಚ್ಚು ಕಣ್ರಪ್ಪ," ಅಂದರು.

ಕಡತ ಹಿಡಿದು ಸಾಹೇಬರ ಮುಂದೆ ನಿಂತೆ. ಅವರು ಓದಿ ಕನ್ನಡಕ ತೆಗೆದರು.

"ಕಚೇರಿ ತೆರೆದಿರುವಾಗ ಮೇಲಧಿಕಾರಿ ಇರಬೇಕೋ ಬೇಡವೋ?"

"ಇರಬೇಕು ಸಾರ್."

"ಅಂದ್ರೆ ನಿಮ್ಮ ದೆಸೆಯಿಂದ ನನ್ನ ಭಾನುವಾರಾನೂ ಮಣ್ಣುಪಾಲು. ಅವತ್ತು ನಮ್ಮತ್ತೆ ಬರ್ತಾರೆ ಕಣ್ರೀ! ನಾನು ಮನೇಲಿಲ್ಲ ಅಂದ್ರೆ ನನ್ನ ಹೆಂಡತಿ ಸುಮ್ನೆ ಬಿಡ್ತಾಳಾ? ನನಗೂ ರಜೆ ಬೇಕು."

"ಇರೋದು ಒಂದೇ ರಜೆ ಸಾರ್."

"ಹಿರಿತನದ ಪ್ರಕಾರ ಯಾರಿಗೆ ಸಲ್ಲುತ್ತೆ?"

ನಾನೇನು ಹೇಳಲಿ? ನಿಯಮ ಕೇಳಿದರು, ನಿಯಮ ಹೇಳಿದೆ. ಅವರ ಅರ್ಜಿಗೆ ಟಪಾಲಕ್ಕನೇ ನಂಬರು ಹಾಕಬೇಕಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಸಾಹೇಬರು ಅತ್ತೆಯ ಜೊತೆ ಆರಾಮವಾಗಿ ಮನೆಯಲ್ಲಿರುತ್ತಿದ್ದರು. ಆದರೆ ಸದರಿ ಭಾನುವಾರ ಕೆಲಸದ ದಿನವಾದದ್ದೇ ಸಂಗೀತೋತ್ಸವದ ಸಲುವಾಗಿ. ಹಾಗಾಗಿ ಅವತ್ತಿನ ರಜೆಯನ್ನು ಬೇರೆ ಕಾರಣಕ್ಕೆ ಬಳಸುವಂತಿಲ್ಲ ಎಂದು ನಾನು ವಿನಯದಿಂದ ತಿಳಿಸಿದೆ.

"ಅಂದ್ರೆ ಆ ಬಿಸಿಲಲ್ಲಿ ನಾನು ಹಾಡು ಕೇಳ್ಬೇಕಾ?" ಸಾಹೇಬರ ಮುಖ ಬಿಳಿಚಿತು. "ನನಗೆ ತಲೆ ಸಿಡಿಯುತ್ತೆ ಕಣ್ರೀ!"

"ಕಾರಣ ಬದಲಾಯಿಸಿದ್ರೆ ಭಾನುವಾರದ ಘೋಷಣೆಯೇ ಬಿದ್ದುಹೋಗುತ್ತೆ ಸಾರ್."

"ಬಿದ್ದುಹೋಗ್ಲಿ ಬಿಡಿ ಸಾರ್!" ಬಾಗಿಲಲ್ಲಿ ನಿಂತಿದ್ದ ಟಪಾಲಕ್ಕ ಕೂಗಿದರು. "ಬಿದ್ರೆ ಎಲ್ಲರಿಗೂ ಬಿಡುವು!"

ಸಾಹೇಬರೂ ನಾನೂ ಒಟ್ಟಿಗೇ ಅವರ ಕಡೆ ತಿರುಗಿದೆವು. "ಸರ್ಕಾರದ ಘೋಷಣೆ ಬೀಳೋದು ಅಂದ್ರೆ ಹುಡುಗಾಟವೇನಮ್ಮಾ?" ಅಂದರು ಸಾಹೇಬರು. ಅಧಿಕಾರಿ ಅಂದರೆ ಹಾಗಿರಬೇಕು. ತಲೆ ಸಿಡಿಯುವುದನ್ನು ಒಪ್ಪಿಕೊಂಡರೇ ಹೊರತು ಘೋಷಣೆಯನ್ನು ಬಿಟ್ಟುಕೊಡಲಿಲ್ಲ.

ನಮ್ಮ ಏಳು ಟಿಕೆಟ್ ವ್ಯರ್ಥವಾಗಬಾರದೆಂಬ ಹಿತದೃಷ್ಟಿಯಿಂದ ಸಾಹೇಬರು, ಅವರ ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಭಾವಮೈದುನ ಮತ್ತು ಭಾವಮೈದುನನ ಪಕ್ಕದ ಮನೆಯವರೊಬ್ಬರು, ಹೀಗೆ ಏಳು ಜನ ಹೊರಟರು. ನಮ್ಮ ವ್ಯಾನಿನಲ್ಲಿ. ನಮ್ಮ ಟೋಪಿಗಳನ್ನು ಹಾಕಿಕೊಂಡು. ಅತ್ತೆಯವರ ತಲೆಗೆ ನನ್ನ ಟೋಪಿ ಸರಿಹೋಯಿತೆಂದು ಆಮೇಲೆ ತಿಳಿಯಿತು.

ಶನಿವಾರ ಟಪಾಲಕ್ಕ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ನಾಳೆ ನಾನು ಸುಮ್ನೆ ಬರದೇ ಹೋದ್ರೆ ಏನಾಗುತ್ತೆ ಸಾರ್?"

"ಅನುಮತಿ ಇಲ್ಲದ ಗೈರುಹಾಜರಿ. ಸೇವೆ ತುಂಡಾಗುತ್ತೆ. ಪಿಂಚಣಿಗೆ ಕುತ್ತು."

"ಹದಿಮೂರು ತಿಂಗಳಿಗೆ ಮುಂಚೆ?"

"ಹದಿಮೂರು ದಿನಕ್ಕೆ ಮುಂಚೆ ಆದ್ರೂ ಅಷ್ಟೇ."

ಹೋಗಿ ಟಪಾಲು ಪುಸ್ತಕ ತೆರೆದು ಕೂತರು. ನನಗೆ ಅಯ್ಯೋ ಅನ್ನಿಸಲಿಲ್ಲ ಅಂತ ತಿಳಿಯಬೇಡಿ. ಅನ್ನಿಸಿತು. ಆದರೆ ಅದನ್ನು ಯಾವ ನಿಯಮದಡಿ ಬರೆಯಲಿ?

ಭಾನುವಾರ ಹತ್ತು ಗಂಟೆಗೆ ಏಳೂ ಜನ ಹಾಜರಾದೆವು. ಪೇಟೆಯೆಲ್ಲ ಬಾಗಿಲು ಹಾಕಿತ್ತು, ತಕ್ಕಡಿ ತರುವವರು ಯಾರೂ ಇಲ್ಲ. ಸುಮ್ಮನೆ ಕೂರುವಂತಿಲ್ಲವಲ್ಲ, ಬೀರುವಿನ ಬಟ್ಟುಗಳನ್ನು ತೆಗೆದು ಒಂದಕ್ಕೊಂದು ತೂಗಿ ನೋಡಿದೆವು. ಎಲ್ಲವೂ ಸರಿಯಾಗಿದ್ದವು. ಮಧ್ಯಾಹ್ನ ಇನ್ನೊಂದು ಸಲ ತೂಗಿದೆವು. ಆಗಲೂ ಸರಿಯಾಗಿದ್ದವು.

ಗಡಿಯಾರ ನಾಲ್ಕು ಹೊಡೆಯಿತು. "ಈಗ ಶುರು ಮಾಡಿರ್ತಾರೆ," ಅಂದರು ಟಪಾಲಕ್ಕ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಮುದ್ರೆಯಣ್ಣ ಖಾಲಿ ಮೇಜಿನ ಮೇಲೆ ಮೆಲ್ಲಗೆ ಬೆರಳಿನಿಂದ ತಾಳ ಹಾಕತೊಡಗಿದ. ಕಚೇರಿ ವೇಳೆಯಲ್ಲಿ ತಾಳ ಹಾಕುವುದನ್ನು ಸಾಹೇಬರ ಬದಲಿಗೆ ಉಸ್ತುವಾರಿಯಾಗಿದ್ದ ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಈ ಪ್ರಕರಣದಲ್ಲಿ ನನ್ನಿಂದಾದ ಕರ್ತವ್ಯಲೋಪ ಇದೊಂದೇ.

ಸೋಮವಾರ ಸಾಹೇಬರು ಮೂಗು ಕೆಂಪಗೆ ಸುಟ್ಟುಕೊಂಡು ಬಂದರು. ಒಂದು ಕಿವಿಯಲ್ಲಿ ಇನ್ನೂ ಹತ್ತಿ ಇತ್ತು. ಬಂದವರೇ ವರದಿ ಬರೆಸಿದರು:

"ಸದರಿ ಗಾಯಕಿಯವರು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ವೇದಿಕೆಗೆ ಹಾಜರಾಗಿ ಹನ್ನೊಂದು ಹಾಡುಗಳನ್ನು ಹಾಡಿರುತ್ತಾರೆ. ಸಾರ್ವಜನಿಕರು ಚಪ್ಪಾಳೆ ತಟ್ಟಿರುತ್ತಾರೆ. ಕೆಲವರು ಅತ್ತಿರುತ್ತಾರೆ, ಕಾರಣ ತಿಳಿದುಬಂದಿರುವುದಿಲ್ಲ. ಬಿಸಿಲು ಅಧಿಕವಾಗಿತ್ತು."

ಇನ್ನು ಉಳಿದದ್ದು ನಮ್ಮ ಏಳು ಅರ್ಜಿಗಳು. ರಜೆ ಕೊಟ್ಟಿಲ್ಲ, ನಿರಾಕರಿಸಿಯೂ ಇಲ್ಲ. ಸಾಹೇಬರ ತಲೆ ಓಡಿದ್ದೇ ಇಲ್ಲಿ. ಅರ್ಜಿಗಳ ಉದ್ದೇಶ ಸಂಗೀತೋತ್ಸವ ಕೇಳುವುದು. ಅಧಿಕಾರಿಯ ವರದಿಯನ್ನು ಓದಿದರೆ ಕೇಳಿದಂತೆಯೇ. ಉದ್ದೇಶ ಈಡೇರಿದ ಮೇಲೆ ಅರ್ಜಿ ತಾನಾಗಿ ಮುಕ್ತಾಯ. ವರದಿಯ ಕೆಳಗೆ "ಸಂಗೀತೋತ್ಸವವನ್ನು ಕೇಳಿರುತ್ತೇನೆ" ಎಂದು ಬರೆದು ಸಹಿ ಹಾಕತಕ್ಕದ್ದು. ಆರು ಜನ ಹಾಕಿದೆವು. ಟಪಾಲಕ್ಕ ಪೆನ್ನು ಹಿಡಿದು ನಿಂತರು.

"ಕೊನೇಲಿ ಏನು ಹಾಡಿದ್ರು ಸಾರ್?"

"ಕೊನೇವರೆಗೂ ಯಾರಮ್ಮ ಕೂತಿರ್ತಾರೆ? ಹನ್ನೊಂದು ಹಾಡಾಯ್ತು, ವಾಹನಗಳ ಸಾಲು ಶುರುವಾಗೋಕೆ ಮುಂಚೆ ಎದ್ದು ಬಂದ್ವಿ."

ಟಪಾಲಕ್ಕ ವರದಿಯನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು. ಆಮೇಲೆ ಸಹಿ ಹಾಕಿದರು. ಸಹಿಯ ಕೆಳಗೆ ಸಣ್ಣಕ್ಷರದಲ್ಲಿ "ತುಂಬಾ ಚೆನ್ನಾಗಿತ್ತು" ಎಂದೂ ಬರೆದರು. ಅಭಿಪ್ರಾಯ ಬರೆಯಲು ಅಲ್ಲಿ ಅವಕಾಶವಿರಲಿಲ್ಲ. ನಾನು ಹೊಡೆದುಹಾಕಲಿಲ್ಲ.

ಅದೇ ವಾರ ತರಕಾರಿ ಅಂಗಡಿಯವನೊಬ್ಬ ತಕ್ಕಡಿಗೆ ಮುದ್ರೆ ಹಾಕಿಸಲು ಬಂದ. ಉತ್ಸವಕ್ಕೆ ಹೋಗಿದ್ದವನಂತೆ, ಬಾಯಿ ತುಂಬ ಅದೇ ಮಾತು. "ಅಕ್ಕಾ, ಎಲ್ಲಾ ಮುಗೀತು ಅನ್ನುವಾಗ ಒಂದು ಹಾಡಿದ್ರು ನೋಡಿ! ವಾದ್ಯ ಇಲ್ಲ, ಏನಿಲ್ಲ, ವೇದಿಕೆ ಅಂಚಲ್ಲಿ ಕಾಲು ಇಳಿಬಿಟ್ಟು ಕೂತು. ಹನ್ನೆರಡನೇದು. ಇಡೀ ಬಯಲಿಗೆ ಬಯಲೇ ಅತ್ತುಬಿಡ್ತು."

"ಹನ್ನೊಂದೇ ಹಾಡಿದ್ದು," ಅಂದರು ಟಪಾಲಕ್ಕ, ಪುಸ್ತಕದಿಂದ ತಲೆ ಎತ್ತದೆ.

"ಇಲ್ಲಕ್ಕಾ, ನಾನು ಎದುರಿಗೇ ಕೂತಿದ್ದೆ."

"ನಾವೂ ಕೇಳಿದ್ದೀವಲ್ಲಪ್ಪ. ಏಳು ಜನದ ಸಹಿ ಇದೆ. ಹನ್ನೆರಡನೇದು ಹಾಡಲಿಲ್ಲ."

ಅವನು ನಮ್ಮೆಲ್ಲರ ಮುಖ ನೋಡಿದ. ನಾನು ತಲೆಯಾಡಿಸಿದೆ. ಮುದ್ರೆಯಣ್ಣನೂ ತಲೆಯಾಡಿಸಿದ. ಒಳಕೋಣೆಯಿಂದ ಸಾಹೇಬರು, "ಹನ್ನೊಂದು," ಅಂದರು.

ಅಂಗಡಿಯವನು ಕಿವಿ ಕೆರೆದುಕೊಂಡ, ತಕ್ಕಡಿ ಎತ್ತಿಕೊಂಡ. "ಬಿಸಿಲು ಜಾಸ್ತಿ ಇತ್ತು," ಅಂದ. "ನನಗೇ ಹಾಗೆ ಕೇಳಿಸಿರಬೇಕು ಬಿಡಿ ಅಕ್ಕಾ."