ಅತ್ತೆಯ ಕುದುರೆಗೊಂದು ಜೀನು

ನನ್ನ ಸೋದರತ್ತೆ ಮದುವೆಗೆ ಹೋಗಿ ವರನ ಕುದುರೆಯನ್ನೇ ಹೊಡೆದುಕೊಂಡು ಬಂದ ಮಹಾತಾಯಿ! ಎಲ್ಲರೂ ತಾಂಬೂಲದ ಚೀಲ ತರುತ್ತಾರೆ. ಅರವತ್ತು ದಾಟಿದ ನಮ್ಮತ್ತೆ ಮದ್ದೂರಿನ ಛತ್ರದಿಂದ ನಮ್ಮೂರು ಪೂರಿಗಾಲಿಗೆ ತಂದದ್ದು ಬಿಳಿಯ ಹೆಣ್ಣುಕುದುರೆ. ಮೆರವಣಿಗೆ ಮುಗಿದು ಜೀನು ಬಿಚ್ಚಿದಾಗ ಅದರ ಬೆನ್ನಿನ ಹುಣ್ಣು ಕಂಡರಂತೆ. ಊಟಕ್ಕೂ ಕೂರದೆ, ಕುದುರೆಯವನ ಬೆನ್ನುಬಿದ್ದು ಕೊಂಡೇಬಿಟ್ಟರು.

ನಮ್ಮಪ್ಪ ಕುದುರೆಯನ್ನು ಒಂದು ಸುತ್ತು ಹಾಕಿ ನೋಡಿದರು. "ಅಕ್ಕ, ಎಮ್ಮೆ ತಂದಿದ್ರೆ ಆಲಾದ್ರೂ ಕರೀಬೋದಿತ್ತು!" ಎಂದರು.

"ಎಮ್ಮೆ ಮ್ಯಾಲೆ ಕುಂತು ಬಂದ್ರೆ ಊರೋರು ಯಮ ಬಂದ ಅಂತ ಓಡೋಗ್ತಾರೆ ಕಣ್ಲಾ!"

ಅಂದರೆ? ಕೂರುವ ಯೋಚನೆಯೂ ಇದೆ!

ಹುಣ್ಣು ಮಾಯಿತು. ಆದರೆ ಪಶುವೈದ್ಯರು, "ಬೆನ್ನಿಗೆ ಸರಿಹೊಂದುವ ಜೀನು ಸಿಗುವವರೆಗೆ ಹತ್ತಬೇಡಿ" ಎಂದರು. ಆ ಬೆನ್ನಿಗೆ ಯಾವುದು ಹೊಂದೀತು? ಭುಜದಲ್ಲಿ ದಿಬ್ಬ, ನಡುವೆ ಹಳ್ಳ, ಎಡಕ್ಕೆ ಉಬ್ಬು, ಬಲಕ್ಕೆ ತಗ್ಗು. ನಮ್ಮೂರ ರಸ್ತೆಗೇ ನಾಲ್ಕು ಕಾಲು ಬಂದಂತಿತ್ತು!

ಮಳವಳ್ಳಿಯಿಂದ ಎರವಲು ತಂದ ಜೀನು ನೋಡಲು ಸರಿಯಾಗೇ ಇತ್ತು. ಅತ್ತೆ ಜಗಲಿಯಿಂದ ಹತ್ತಿದರು. ನಾಲ್ಕು ಹೆಜ್ಜೆಗೆ ಜೀನು ಸರ್ರನೆ ಹೊಟ್ಟೆಯ ಕೆಳಕ್ಕೆ ತಿರುಗಿತು, ಅತ್ತೆ ಗದ್ದೆಯ ಕೆಸರಿಗೆ! ನಾನು ಎತ್ತಲು ಓಡಿದೆ.

"ನನ್ನೇನ್ ನೋಡ್ತೀಯ? ಅದರ ಬೆನ್ನು ನೋಡ್ಲಾ!"

ಆಮೇಲೆ ಬೆನ್ನಿನ ಅಚ್ಚು ತೆಗೆಯುವ ಸಾಹಸ. ಮೊದಲು ಬೆನ್ನ ಮೇಲೆ ರಾಗಿ ಹಿಟ್ಟು ಮೆತ್ತಿದರು. ಕುದುರೆ ಕತ್ತು ತಿರುಗಿಸಿ, ಎಟುಕಿದಷ್ಟೂ ತಿಂದು ಮುಗಿಸಿತು! ಮರುದಿನ ಬಟ್ಟೆ ಹೊದಿಸಿ, ಮೈದಾ ಅಂಟಿನಲ್ಲಿ ಅದ್ದಿದ ಹಳೇ ಪೇಪರು ಪದರಪದರವಾಗಿ ಹಚ್ಚಿ ಬಿಸಿಲಿನಲ್ಲಿ ಒಣಗಿಸಿದರು. ಏನನ್ನು? ಕುದುರೆಯನ್ನೇ!

ಆ ಅಚ್ಚನ್ನು ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದೆವು. ಕಂಡಕ್ಟರು ಬಗ್ಗಿ ನೋಡಿದ.

"ಏನಮ್ಮಾ ಅದು?"

"ಕುದ್ರೆ ಬೆನ್ನು."

ಅವನ ಸೀಟಿ ಬಾಯಿಂದ ಬಿತ್ತು. "ಕುದ್ರೆ ಎಲ್ಲಮ್ಮಾ?"

"ಅಳ್ಳೀಲೈತೆ. ಬೆನ್ನು ಮಾತ್ರ ತಂದಿವ್ನಿ. ಎಣ್ಣುಕುದ್ರೆ ಕಣಪ್ಪ, ಅದ್ಕೂ ಟಿಕೆಟ್ ಇಲ್ಲ ತಾನೆ?"

ಮಂಡ್ಯದಲ್ಲಿ ಆಟೋ ಸೀಟು ಹೊಲಿಯುವವನು ಅಚ್ಚು ನೋಡಿ ಗಾಬರಿಯಾದರೂ, ಅತ್ತೆಯ ಕಾಟ ತಾಳದೆ ಒಪ್ಪಿದ. ಮೂರು ಸಲ ಹೊಲಿದ, ಮೂರು ಸಲ ಬಿಚ್ಚಿದ. ಕೊನೆಗೂ ಜೀನು ಬಂತು.

ಅದನ್ನು ಕಂಡದ್ದೇ ಕುದುರೆ ಕಿವಿ ಹಿಂದಕ್ಕೆ ಮಡಿಸಿ, ಮೈ ಬಿಗಿದು ನಿಂತಿತು. ಅತ್ತೆ ಮೆಲ್ಲಗೆ ಹೊರಿಸಿ ಪಟ್ಟಿ ಬಿಗಿದರು. ಜೀನು ಎಲ್ಲಿ ಚುಚ್ಚೀತೋ ಎಂದು ಕುದುರೆ ಕಾಯಿತು. ಚುಚ್ಚಲಿಲ್ಲ. ಒಂದು ಹೆಜ್ಜೆ ಇಟ್ಟಿತು, ಆಗಲೂ ಇಲ್ಲ. ಕಿವಿಗಳು ಒಂದೊಂದಾಗಿ ಮುಂದಕ್ಕೆ ಬಂದವು.

ಅತ್ತೆ ಹತ್ತಲೆಂದು ರಿಕಾಪಿಗೆ ಇಟ್ಟಿದ್ದ ಕಾಲನ್ನು ಕೆಳಗಿಳಿಸಿದರು.

"ಯಾಕತ್ತೆ, ಹತ್ತಲ್ವಾ?" ನಾನು ದಂಗಾಗಿ ಕೇಳಿದೆ.

"ಇವತ್ತು ಬ್ಯಾಡ ಬುಡ್ಲಾ. ನೋವಿಲ್ದೆ ನಡ್ಯೋದು ಎಂಗಿರ್ತದೆ ಅಂತ ಮೊದ್ಲು ಅದ್ಕೆ ಗೊತ್ತಾಗ್ಲಿ."

ಹಗ್ಗ ಸಡಿಲ ಬಿಟ್ಟು, ಅದರ ಪಕ್ಕದಲ್ಲೇ, ಅದು ನಡೆದಷ್ಟು ದೂರ ನಡೆದರು.