ನಾಲ್ಕು ಒಂಬತ್ತುಗಳ ಪ್ರತಾಪ

ಟೆಲಿಫೋನ್ ಎಕ್ಸ್‌ಚೇಂಜ್ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಸಂಗತಿ ಬಹರೈನಿನಲ್ಲಿ ಬಹಳ ಜನಕ್ಕೆ ಗೊತ್ತು. ಏಕೆಂದರೆ ಸಿಕ್ಕವರಿಗೆಲ್ಲ ನಾನೇ ಹೇಳಿದ್ದೇನೆ.

ನಮ್ಮದು ನಲ್ಲಿ, ಶವರ್ ಹೆಡ್ ಮುಂತಾದ ಬಾತ್‌ರೂಮ್ ಸಾಮಾನು ಮಾರುವ ಕಂಪನಿ. ಮನಾಮದ ಆಫೀಸಿನಲ್ಲಿ ಹಳೆಯ ಎಕ್ಸ್‌ಚೇಂಜ್, ಹಮದ್ ಟೌನ್‌ನ ಗೋದಾಮಿನಲ್ಲಿ ಹೊಸದು. ಎರಡನ್ನೂ ಟ್ರಂಕ್ ಲೈನಿನಿಂದ ಜೋಡಿಸಬೇಕು. ಆಮೇಲೆ ಆಫೀಸಿನಲ್ಲಿ ಬರೀ 201 ಒತ್ತಿದರೆ ಸಾಕು, ಗೋದಾಮಿನ ಸ್ಟೋರ್‌ಕೀಪರ್ ಇಬ್ರಾಹಿಂ ಫೋನ್ ಎತ್ತಬೇಕು.

"ಎಷ್ಟು ದಿನ?" ಎಂದರು ಬಾಸ್ ಅಬು ಯೂಸುಫ್.

"ಅರ್ಧ ಗಂಟೆ!" ಎಂದೆ.

ಜೋಡಿಸಿದೆ. 201 ಒತ್ತಿದೆ. ಸ್ಮಶಾನಮೌನ!

ಕಾರಣ ತಿಳಿಯಲು ಇಡೀ ದಿನ ಹಿಡಿಯಿತು. ಹಳೆಯ ಯಂತ್ರ ಲೈನ್ ಸಿಕ್ಕಿದ್ದೇ ತಡ, ಅಂಕೆಗಳನ್ನು ಪಟಪಟನೆ ಒದರುತ್ತಿತ್ತು. ಹೊಸದೋ, 'ಹೂಂ, ಈಗ ಹೇಳು' ಎಂದು ಸಂಜ್ಞೆ ಕೊಟ್ಟ ಮೇಲೆಯೇ ಕಿವಿಗೊಡುವ ಜಾತಿ. ಅದು 'ಹೂಂ' ಅನ್ನುವಷ್ಟರಲ್ಲಿ ಮೊದಲು ಹೋದ ಅಂಕೆಗಳೆಲ್ಲ ಗಾಳಿಪಾಲು. ನನಗೆ ಭವ್ಯವಾದ ಉಪಾಯ ಹೊಳೆಯಿತು. ಕಳೆದುಹೋಗಲೆಂದೇ ಹಳೆಯ ಯಂತ್ರ ತಾನಾಗಿ ಮುಂದೆ ಒಂದಷ್ಟು ಒಂಬತ್ತು ಸೇರಿಸಿ ಕಳಿಸಲಿ!

ಮೂರು ಒಂಬತ್ತು ಸೇರಿಸಿದಾಗ ಅವುಗಳ ಜೊತೆ 201ರ ಎರಡೂ ಕಳೆದು, ಉಳಿದ 01ಕ್ಕೆ ಗೋದಾಮಿನ ಗೇಟಿನ ಫೋನ್ ಹೊಡೆದುಕೊಂಡಿತು. ಇಬ್ರಾಹಿಂ ಓಡಿ ಬಂದು ಎತ್ತಿದ.

"ಎಂತ ಸಾರ್ ಇದು? ನಾನು ಸ್ಟೋರ್‌ಕೀಪರಾ, ಓಟಗಾರನಾ?"

ನಾಲ್ಕನೆಯ ಒಂಬತ್ತು ಸೇರಿಸಿದೆ. ಇಬ್ರಾಹಿಂನ ಮೇಜಿನ ಮೇಲೆಯೇ ಗಂಟೆ ಹೊಡೆಯಿತು. ವಿಜಯ!

ಜಿಂಜ್‌ನ ಮನೆಗೆ ಹೋಗಿ ಹೆಂಡತಿ ಸುಧಾಗೆ ಸವಿಸ್ತಾರವಾಗಿ ವರದಿ ಒಪ್ಪಿಸಿದೆ. ಅವಳು ಬೆಂಡೆಕಾಯಿ ಹೆಚ್ಚುತ್ತಲೇ ಕೇಳಿದಳು: "ಅಲ್ರೀ, ಆ ಕಡೆಯವರು ಹೂಂ ಅನ್ನೋವರೆಗೂ ಕಾಯೋಕೆ ಈ ಹಳೇದಕ್ಕೆ ಹೇಳೋಕಾಗಲ್ವಾ?"

ಹೇಳಬಹುದಿತ್ತು. ಅದಕ್ಕೊಂದು ಸೆಟ್ಟಿಂಗ್ ಇತ್ತು. ಮರುದಿನ ಬೆಳಿಗ್ಗೆ ಅದನ್ನೂ ಹಾಕಿದೆ. ಮತ್ತೆ ಪರೀಕ್ಷೆ? ಪರೀಕ್ಷೆಯೆಲ್ಲ ಕಲಿಯುವವರಿಗೆ! ನೇರವಾಗಿ ಬಾಸ್ ಕೋಣೆಗೆ ಹೋಗಿ ಸ್ಪೀಕರ್ ಹಾಕಿ 201 ಒತ್ತಿದೆ. ಆ ಕಡೆ ಯಾರೋ ಎತ್ತಿದ ಸದ್ದಾಯಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಇಂಗ್ಲಿಷಿನಲ್ಲಿ ಗುಡುಗಿದೆ.

"ಇಬ್ರಾಹಿಂ! ಇವತ್ತು ಎಷ್ಟು ಹೆಡ್ ಒಡೆದಿವೆ?"

ಆ ಕಡೆಯಿಂದ ಗಡಸು ದನಿ: "ನೀವು ಎಲ್ಲಿದ್ದೀರಿ?"

"ನಾನೆಲ್ಲಿದ್ದರೇನು? ಒಡೆದಿರೋದು ಹಮದ್ ಟೌನ್ ಗೋದಾಮಿನಲ್ಲಿ! ಹನ್ನೆರಡಂತೂ ಇರಲೇಬೇಕು, ಎಣಿಸು!"

ಲೈನ್ ಕಟ್ಟಾಯಿತು. "ಅದು ಇಬ್ರಾಹಿಂ ದನಿಯಲ್ಲ!" ಎಂದರು ಅಬು ಯೂಸುಫ್.

ಆಗ ನನಗೆ ಜ್ಞಾನೋದಯವಾಯಿತು. ಹಳೆಯ ಯಂತ್ರ ಈಗ ಕಾಯುತ್ತಿತ್ತು, ಹಾಗಾಗಿ ಒಂದು ಅಂಕೆಯೂ ಕಳೆಯಲಿಲ್ಲ. ನನ್ನ ನಾಲ್ಕೂ ಒಂಬತ್ತು ಸುಖವಾಗಿ ಹಮದ್ ಟೌನ್ ತಲುಪಿದವು. ಹೊಸ ಎಕ್ಸ್‌ಚೇಂಜಿನಲ್ಲಿ ಮೊದಲ ಒಂಬತ್ತೆಂದರೆ 'ಹೊರಗಿನ ಲೈನ್ ಕೊಡು' ಎಂದರ್ಥ. ಉಳಿದ ಮೂರು ಒಂಬತ್ತು ಯಾರ ನಂಬರ್ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಪೊಲೀಸ್! ಕರೆ ಹೋದದ್ದೂ ಗೋದಾಮಿನ ಲೈನಿನಿಂದಲೇ.

ಹತ್ತೇ ನಿಮಿಷದಲ್ಲಿ ಮೊಬೈಲಿಗೆ ಇಬ್ರಾಹಿಂ.

"ಸಾರ್, ಇಲ್ಲಿ ಎರಡು ಪೊಲೀಸ್ ಗಾಡಿ ಬಂದುಂಟು! ಹನ್ನೆರಡು ಜನರ ತಲೆ ಒಡೆದದ್ದಂತೆ. ನಾನು ಶವರ್ ಹೆಡ್ ತೋರಿಸಿದೆ. ನಂಬುದಿಲ್ಲ ಸಾರ್, ಹೆಣ ಎಲ್ಲಿ ಅಂತ ಕೇಳ್ತಾರೆ!"

ಬಾಸ್ ಬಾಗಿಲು ತೋರಿಸಿ "ಯಲ್ಲಾ, ಹೊರಡು!" ಎಂದರು. ಹಮದ್ ಟೌನ್‌ನ ದಾರಿಯುದ್ದಕ್ಕೂ ಇರುವ ಸರ್ಕಲ್‌ಗಳನ್ನು ನಾನು ಕಾರಿನಲ್ಲಿ ಅಷ್ಟು ಭಕ್ತಿಯಿಂದ ಎಂದೂ ಸುತ್ತಿರಲಿಲ್ಲ. ಜೈಲೋ, ಊರಿಗೆ ಕಳಿಸುತ್ತಾರೋ? ಗೋದಾಮಿನೊಳಗೆ ಕಾಲಿಟ್ಟರೆ ಪೊಲೀಸ್ ಅಧಿಕಾರಿಯೊಬ್ಬರು ಒಡೆದ ಶವರ್ ಹೆಡ್‌ಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಹದಿನಾಲ್ಕಿದ್ದವು. ಮೀಸೆಯಡಿ ನಗು ಇಣುಕುತ್ತಿತ್ತು, ಆದರೂ ಪ್ರಶ್ನೆ ಖಡಕ್ಕಾಗಿಯೇ ಬಂತು.

"ಈ ಫೋನ್ ಜೋಡಿಸಿದ ಇಂಜಿನಿಯರ್ ಎಲ್ಲಿ?"

ಇಬ್ರಾಹಿಂ ನನ್ನತ್ತ ನೋಡಿ ಕರುಣೆಯಿಂದ ಮುಂದೆ ಬಂದ.

"ಇಂಜಿನಿಯರ್ ಇನ್ನೂ ಬರಲಿಲ್ಲ ಸರ್. ಇವರು ನಮ್ಮ ಡ್ರೈವರ್."

ಅಧಿಕಾರಿ ನನ್ನ ಕೈಯಲ್ಲಿದ್ದ ಕಾರಿನ ಕೀ ನೋಡಿದರು, ನನ್ನ ಮುಖ ನೋಡಿದರು, ನಂಬಿಯೂಬಿಟ್ಟರು!

"ಇನ್ನು ಫೋನ್ ಮುಟ್ಟಬೇಡ ಅಂತ ಅವನಿಗೆ ಹೇಳು."

"ಖಂಡಿತ ಹೇಳ್ತೀನಿ ಸರ್," ಎಂದೆ. "ನಾನೂ ಮೊದಲಿಂದ ಅದನ್ನೇ ಹೇಳ್ತಾ ಇದ್ದೆ."